ಮಾವನ ಮೂಗು

ಎಣ್ಣೆಬಣ್ಣದಲ್ಲಿ ಮುಖ ಬರೆಯಬೇಕಾದರೆ ಕೈಗೆ ಧೈರ್ಯ ಬೇಕಂತೆ. ಅಳುಕಿದರೆ ಬ್ರಷ್ಷಿಗೆ ಗೊತ್ತಾಗಿಬಿಡುತ್ತದಂತೆ. ನಾನೋ, ಹೊಸಂಗಡಿಯ ರೈಲ್ವೆ ಗೇಟು ಬೀಳುವ ಸೂಚನೆ ಸಿಕ್ಕಿದರೆ ಅರ್ಧ ಫರ್ಲಾಂಗು ಹಿಂದೆಯೇ ಸ್ಕೂಟರ್ ನಿಲ್ಲಿಸುವ ಜನ. ಆದರೂ ಆಸೆ. ಉಡುಪಿ ಬದಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಪ್ಯಾರಿಸಿನವರೆಗೆ ಹೋಗಿ ಕಲಿತು ಬಂದರು. ನಾನು ಮಂಗಳೂರಿನವರೆಗೆ ಹೋಗಿ ಹಂದಿಕೂದಲಿನ ಅಗಲ ಬ್ರಷ್ಷು, ಅಗಸೆ ಎಣ್ಣೆ, ಟರ್ಪೆಂಟೈನು ತಂದೆ.

ಮಾದರಿಗೆ ಸಿಕ್ಕಿದವರು ದೊಡ್ಡಮಾವ. "ಹಾರ ಹಾಕ್ಲಿಕ್ಕೆ ಈಗಲೇ ತಯಾರಿಯಾ?" ಎಂದು ಕೇಳಿಯೇ ಕೂತರು. ಎಡಗೆನ್ನೆಯಲ್ಲಿ ವೀಳ್ಯದ ಉಂಡೆ. ಕಣ್ಣು ಕಿರಿದು ಮಾಡಿ, ಆ ಉಬ್ಬಿನ ನೆರಳಿಗೆ ಒಂದೇ ಏಟಿಗೆ ಕಂದು ಎಳೆದು ತಲೆ ಎತ್ತುತ್ತೇನೆ, ಉಬ್ಬು ಬಲಗೆನ್ನೆಗೆ ಹೋಗಿದೆ. ಅಲ್ಲಿಗೂ ಎಳೆದೆ. ಅಷ್ಟರಲ್ಲಿ ಮಾವ ಅಂಗಳಕ್ಕೆ ಹೋಗಿ ಉಗುಳಿ ಬಂದರು. ಕ್ಯಾನ್ವಾಸಿನಲ್ಲಿ ಮಾತ್ರ ಎರಡೂ ಕೆನ್ನೆ ಉಬ್ಬಿಕೊಂಡೇ ಉಳಿದವು.

ಇನ್ನು ಮೂಗು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದವರು ಅಕ್ಕಿಹಿಟ್ಟು-ಸುಣ್ಣದ ಚಿಟ್ಟಿಯನ್ನು ಮುಖದ ಮೇಲೆ ಚುಕ್ಕಿಚುಕ್ಕಿಯಾಗಿ ಎಬ್ಬಿಸುವುದನ್ನು ಚೌಕಿಯಲ್ಲಿ ಕೂತು ನೋಡಿದವನಿಗೆ ದಪ್ಪ ಬಣ್ಣದ ಅಂಜಿಕೆ ಎಂತದು? ರೆಂಬ್ರಾಂಟನ ಒಂದು ಭಾವಚಿತ್ರದಲ್ಲಿ ಬಣ್ಣ ಎಷ್ಟು ದಪ್ಪವಿತ್ತೆಂದರೆ, ಮೂಗು ಹಿಡಿದು ಚಿತ್ರವನ್ನೇ ನೆಲದಿಂದ ಎತ್ತಬಹುದಿತ್ತೆಂದು ಹೌಬ್ರಾಕೆನ್ ಎಂಬವನು 1718ರಲ್ಲಿ ಬರೆದಿಟ್ಟಿದ್ದಾನೆ. ನಾನೂ ಅರ್ಧ ಟ್ಯೂಬು ಬಿಳಿಯನ್ನು ಮಾವನ ಮೂಗಿಗೇ ಮೆತ್ತಿದೆ. ಎಣ್ಣೆಬಣ್ಣ ನೀರಿನ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಮೆಲ್ಲಗೆ ಗಟ್ಟಿಯಾಗುವಂಥದ್ದು. ಅದರ ಮೇಲೆ ಆಟಿ ತಿಂಗಳ ಮಳೆ. ಹದಿನೈದು ದಿನ ಕಳೆದರೂ ಮೂಗು ಹಸಿಹಸಿ. ಒಂದು ನುಸಿ ಅಲ್ಲೇ ಅಂಟಿಕೊಂಡು ಮಚ್ಚೆಯಾಯಿತು.

ಅತ್ತೆ ಹತ್ತಿರ ಬಂದು ಬಗ್ಗಿ, "ಇದೆಂತ, ಸಿಮೆಂಟು ಮೆತ್ತಿದ ಹಾಗೆ?" ಎಂದರು. ಹತ್ತಡಿ ದೂರದಿಂದ ನೋಡಬೇಕು ಎಂದೆ. ನಮ್ಮ ಜಗಲಿ ಇರುವುದೇ ಆರಡಿ. ಮಾವ ಮಾತಾಡದೆ ಕೊಡೆ ಬಿಡಿಸಿ ಅಂಗಳಕ್ಕಿಳಿದರು. ಮಳೆಯಲ್ಲಿ ನಿಂತು, ಈಗ ಅವರೇ ಕಣ್ಣು ಕಿರಿದು ಮಾಡಿ, ತುಂಬ ಹೊತ್ತು ನೋಡಿದರು.

"ಈಗ ಕಾಣ್ತದೆ ಮಾರಾಯ. ಇದು ನಾನಲ್ಲ, ನನ್ನ ಅಪ್ಪ. ಹಾರ ಹಾಕ್ಲಿಕ್ಕೆ ಅಡ್ಡಿಯಿಲ್ಲ."