ಪ್ಯಾರಿಸ್ಸಿಗೊಂದು ಬೀಗ

ಮದುವೆಯ ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ದಾವಣಗೆರೆಯ ಆ ಮನೆಯಲ್ಲಿ ಹನಿಮೂನ್ ಲೆಕ್ಕ ಶುರುವಾಗಿತ್ತು.

“ಪ್ಯಾರಿಸ್ಸಿಗೇ ಹೋಗೋಣ ರೀ. ಸೇತುವೆಗೆ ನಮ್ಮಿಬ್ಬರ ಹೆಸರಿನ ಬೀಗ ಹಾಕಿ, ಕೀಲಿಕೈ ಸೆನ್ ನದಿಗೆ ಎಸೆಯೋದು!”

“ಆ ಪ್ರೇಮದ ಭಾರಕ್ಕೆ 2014ರಲ್ಲಿ ಪಾಂ ದೆಸಾರ್ ಸೇತುವೆಯ ಕಟಕಟೆಯೇ ಕುಸೀತು ಕಣೇ. ಮರುವರ್ಷ ಸುಮಾರು 45 ಟನ್ ಬೀಗ ಕಿತ್ತು ಸಾಗಿಸಿದರು.”

“ವೆನಿಸ್?”

“ಗೊಂಡೊಲಾಕ್ಕೆ ಅರ್ಧ ಗಂಟೆಗೆ 90 ಯೂರೋ. ಹಾಡು ಬೇಕಂದರೆ ಬೇರೆ ದುಡ್ಡು.”

ಮೇಲೆ ಷೆಂಗೆನ್ ವೀಸಾ: ಬೆರಳಚ್ಚು, ಬ್ಯಾಂಕ್ ಸ್ಟೇಟ್‌ಮೆಂಟ್, 30,000 ಯೂರೋ ವಿಮೆ. ಹೆಣ್ಣು ಕೊಟ್ಟ ಮಾವನೂ ಇಷ್ಟು ವಿಚಾರಿಸಿರಲಿಲ್ಲ.

“ಮಾಲ್ಡೀವ್ಸ್‌ನಲ್ಲಿ ಇಳಿದ ಮೇಲೆ ವೀಸಾ ಪುಕ್ಕಟೆಯಂತೆ.”

‘ಪುಕ್ಕಟೆ’ಗೆ ಮದುಮಗನ ಕಣ್ಣರಳಿತು. ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿ ತಲೆಯೆತ್ತಿದರು.

“ಅಲ್ಲೇನೈತಪ್ಪಾ?”

“ಸಮುದ್ರ, ಮರಳು, ತೆಂಗಿನಮರ.”

“ಮಲ್ಪೆಯಾಗ ಅವೆಲ್ಲ ಮುಗಿದಾವೇನು?”