ಕುದುರೆಗೆ ಮೊದಲ ಸೀಟು

ಪೋರ್ತ್‌ಮಾಡಾಗ್‌ನಲ್ಲಿ ರೈಲ್ವೆ ಸ್ಟೇಷನ್ ಎಲ್ಲಿ ಅಂತ ಕೇಳಿ ನೋಡಿ, 'ಯಾವುದು?' ಅಂತ ಮರುಪ್ರಶ್ನೆ ಬರುತ್ತದೆ. ಉತ್ತರ ವೇಲ್ಸ್‌ನ ಈ ಬಂದರೂರಿಗೆ ಇರುವುದು ಒಂದೇ ಪೇಟೆಬೀದಿ. ಸ್ಟೇಷನ್ ಮಾತ್ರ ಆ ತುದಿಗೊಂದು, ಈ ತುದಿಗೊಂದು. ದೊಡ್ಡ ಹಳಿಯ ಗಾಡಿ ಬಂದು ಹೋದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಬಂದರಿನ ಪಕ್ಕದ, ಎರಡಡಿಗೂ ಕಮ್ಮಿ ಅಗಲದ ಹಳಿಯ ಸ್ಟೇಷನ್ನಿನಲ್ಲಿ ಮಾತ್ರ ಜನವೋ ಜನ.

ನಾವು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಗ ರಜೆ ಬಂತೆಂದರೆ ಅಲ್ಲಿಗೇ ಓಟ. ದಾರಿಯಲ್ಲಿ ಮಖಂತ್ಲೆತ್ ಎಂಬಲ್ಲಿ ರೈಲು ಎರಡು ತುಂಡಾಗಿ ಒಂದು ಆಬರಿಸ್ಟ್ವಿತ್‌ಗೆ, ಇನ್ನೊಂದು ನಮ್ಮ ಕಡೆಗೆ ಹೊರಡುತ್ತಿತ್ತು. ನನ್ನಾಕೆಗೆ ಮನೆ ಬಿಟ್ಟಲ್ಲಿಂದ ಇದೇ ಚಿಂತೆ. 'ಈ ಡಬ್ಬಿ ತಾನೆ?' ಅಂತ ಗಾರ್ಡನ್ನು ಕೇಳುವಳು. ಅವನು ಹೌದೆಂದರೂ ಸಮಾಧಾನವಿಲ್ಲದೆ ಎದುರಿನ ಅಜ್ಜಿಯನ್ನು ಕೇಳುವಳು. ಅಜ್ಜಿಗೂ ಅನುಮಾನ ಹತ್ತಿ ಆಕೆ ನನ್ನನ್ನು ಕೇಳುತ್ತಿದ್ದಳು.

ಊರು ಹುಟ್ಟಿದ್ದೇ ಒಬ್ಬ ಎಂ.ಪಿ.ಯ ಹಟದಿಂದ. ವಿಲಿಯಂ ಮ್ಯಾಡಾಕ್ಸ್ ಎಂಬಾತ ಅಳಿವೆಗೆ ಅಡ್ಡಲಾಗಿ 'ಕಾಬ್' ಎಂಬ ಒಡ್ಡು ಹಾಕಿಸಿದ. 1811ರಲ್ಲಿ ಮುಗಿದು ಹಬ್ಬ ಮಾಡಿದ್ದೂ ಆಯಿತು, 1812ರಲ್ಲಿ ಬಿರುಗಾಳಿಗೆ ಒಡೆದದ್ದೂ ಆಯಿತು. ರಿಪೇರಿಗೆ ಚಂದಾ ಎತ್ತಿಕೊಡುತ್ತೇನೆಂದು ಮುಂದೆ ಬಂದವನು ಕವಿ ಶೆಲ್ಲಿ! ಒಂದು ರಾತ್ರಿ ಯಾರೋ ತನ್ನ ಮೇಲೆ ಗುಂಡು ಹಾರಿಸಿದರೆಂದು ಹೇಳಿ 1813ರಲ್ಲಿ ಊರನ್ನೇ ಬಿಟ್ಟ. ಕವಿಗಳ ಕೈಗೆ ರಸೀದಿ ಪುಸ್ತಕ ಕೊಟ್ಟರೆ ಇನ್ನೇನಾದೀತು?

ಆಮೇಲೆ ಬಂದದ್ದು ಸ್ಲೇಟು ಕಲ್ಲಿನ ಕಾಲ. ನಾವು ಅಆಇಈ ತಿದ್ದಿದ ಕರಿ ಸ್ಲೇಟಿನ ಬಂಧು. ಅಲ್ಲಿ ಅದನ್ನು ಮನೆಗೆ ಹೊದಿಸುತ್ತಾರೆ. ಬ್ಲೈನಾಯ್ ಫೆಸ್ಟಿನಿಯೋಗ್ ಬೆಟ್ಟದಿಂದ ಕಲ್ಲಿಳಿಸಲು 1836ರಲ್ಲಿ ಈ ಪುಟ್ಟ ರೈಲುಹಾದಿ ಶುರುವಾಯಿತು. ಆಗ ಎಂಜಿನ್ ಇರಲಿಲ್ಲ. ಹೇರು ತುಂಬಿದ ಗಾಡಿಗಳು ಇಳಿಜಾರಿನಲ್ಲಿ ತಾವೇ ಉರುಳಿಕೊಂಡು ಬರುತ್ತಿದ್ದವು, ಬ್ರೇಕ್ ಹಿಡಿಯಲು ಆಳು ಕೂತಿದ್ದರಾಯಿತು. ಖಾಲಿ ಗಾಡಿಗಳನ್ನು ಮೇಲಕ್ಕೆಳೆಯಲು ಕುದುರೆ. ಇಳಿಯುವಾಗ ಅದಕ್ಕೇನು ಕೆಲಸ? ಅದಕ್ಕೇ ಒಂದು ಪ್ರತ್ಯೇಕ ಡಬ್ಬಿ ಮಾಡಿ, ಹತ್ತಿಸಿ, ಕರೆತರುತ್ತಿದ್ದರು. ಮನುಷ್ಯರಿಗೆ ಅಧಿಕೃತವಾಗಿ ಟಿಕೆಟ್ ಸಿಕ್ಕಿದ್ದು 1865ರಲ್ಲಿ. ಮೊಣಕಾಲು ಎದುರಿನವರ ಮೊಣಕಾಲಿಗೆ ತಾಗಿಸಿಕೊಂಡು ಕೂತಾಗಲೆಲ್ಲ, ನಿಂತಲ್ಲೇ ಕಣಿವೆ ನೋಡುತ್ತ ಇಳಿದ ಆ ಕುದುರೆಯ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಹಡಗಿನವರ ವ್ಯಾಪಾರ ಇನ್ನೂ ಸೊಗಸು. ಬರುವಾಗ ಭಾರಕ್ಕೆಂದು ದೇಶದೇಶದ ಕಲ್ಲುಮಣ್ಣು ತುಂಬಿಕೊಂಡು ಬಂದು, ಬಂದರಿನಲ್ಲಿ ಸುರಿದು, ಇಲ್ಲಿನ ಕಲ್ಲು ತುಂಬಿಕೊಂಡು ಹೋಗುತ್ತಿದ್ದರು. ಸುರಿದದ್ದೇ ಬೆಳೆದು ಒಂದು ದ್ವೀಪವಾಗಿ ಕೂತಿದೆ.

1946ರಲ್ಲಿ ನಿಂತುಹೋದ ರೈಲನ್ನು ಹವ್ಯಾಸಿಗಳು 1955ರಲ್ಲಿ ಕಾಬ್ ಮೇಲೆ ಮತ್ತೆ ಓಡಿಸಿದರು. ಬ್ಲೈನಾಯ್ ಮುಟ್ಟುವಾಗ 1982. ಇಂದಿಗೂ ಹಸಿರು ಬಾವುಟ ಬೀಸುವವರಲ್ಲಿ, ಇದ್ದಲು ಎತ್ತುವವರಲ್ಲಿ ಎಷ್ಟೋ ಮಂದಿ ಸಂಬಳವಿಲ್ಲದ ನಿವೃತ್ತರು. ಅವರ ಹೆಮ್ಮೆ ಡಬಲ್ ಫೇರ್ಲಿ ಎಂಜಿನ್: ಎರಡು ತಲೆ ಹಾವಿನ ಹಾಗೆ ಎರಡೂ ಕಡೆ ಮೂತಿ, ನಡುವೆ ಒಲೆ. ಒಲೆಯ ಈ ಬದಿಗೆ ಡ್ರೈವರ್, ಆ ಬದಿಗೆ ಫೈರ್‌ಮನ್. ಒಬ್ಬರ ಜಾಗಕ್ಕೆ ಇನ್ನೊಬ್ಬರು ದಾಟುವ ಹಾಗಿಲ್ಲ. ನನ್ನಾಕೆ ಬಗ್ಗಿ, ಚೆನ್ನಾಗಿ ನೋಡಿಕೊಂಡು ಬಂದಳು.

'ರೀ, ನಮ್ಮ ಅಡುಗೆಮನೆಗೂ ಹೀಗೇ ಮಾಡಿಸೋಣ' ಅಂದಳು. 'ನಾನು ಡ್ರೈವರ್.'