ಹೂವಿನಂಗಡಿಗೆ ಬಂಡವಾಳ ಹಾಕಿದ್ದು ಯಾರು?

“ಕೊನೆಗೆ ಆ ಹುಡುಗಿ ಚಪ್ಪಲಿ ತಂದುಕೊಟ್ಟಳೋ ಇಲ್ಲವೋ, ಅದನ್ನ ಹೇಳಿ ಮೊದಲು” ಎಂದರು ಪಕ್ಕದ ಮನೆ ಅಕ್ಕ, ಕಾಂಪೌಂಡ್ ಗೋಡೆಯ ಆಚೆಯಿಂದ. ಕೈಯಲ್ಲಿ ಕರಿಬೇವಿನ ಎಸಳು. ಗಿಡ ನಮ್ಮದು, ಕೊಂಬೆ ಅವರ ಕಡೆ ಬಾಗಿದೆ. ಆ ವಿಷಯ ಇಬ್ಬರೂ ಎತ್ತುವುದಿಲ್ಲ. ಹಿಂದಿನ ರಾತ್ರಿ ಟೀವಿಯಲ್ಲಿ ‘ಮೈ ಫೇರ್ ಲೇಡಿ’ ಹಾಕಿದ್ದರು. ಅಷ್ಟುದ್ದದ ಸಿನಿಮಾ ಕೂತು ನೋಡಿ, ಇನ್ನೇನು ಮುಗಿಯಬೇಕು ಅನ್ನುವಾಗ ಅವರ ಮನೆ ಕರೆಂಟು ಹೋಗಿದೆ.

“ಅವಳು ವಾಪಸ್ ಬರ್ತಾಳೆ. ಪ್ರೊಫೆಸರು ಟೋಪಿ ಮುಖದ ಮೇಲೆ ಎಳೆದುಕೊಂಡು ಚಪ್ಪಲಿ ಎಲ್ಲಿ ಅಂತ ಕೇಳ್ತಾನೆ. ಅಲ್ಲಿಗೆ ಮುಗೀತು.”

“ಅಂದ್ರೆ ತಂದುಕೊಟ್ಟಿರ್ತಾಳೆ ಬಿಡಿ” ಎಂದು ಅಕ್ಕ ಬೇಜಾರು ಮಾಡಿಕೊಂಡರು.

ಈ ಬೇಜಾರು ಬರ್ನಾರ್ಡ್ ಷಾನಿಗೂ ಇತ್ತು. ಸಿನಿಮಾ ಬಂದದ್ದು 1964ರಲ್ಲಿ. ಅದರ ಮೂಲ ಅವನ ‘ಪಿಗ್ಮೇಲಿಯನ್’ ನಾಟಕ. 1913ರಲ್ಲಿ ಮೊದಲು ವಿಯೆನ್ನಾದಲ್ಲಿ ಜರ್ಮನ್ ಭಾಷೆಯಲ್ಲಿ ಆಡಿ, ಮರುವರ್ಷ ಏಪ್ರಿಲ್‌ನಲ್ಲಿ ಲಂಡನ್ನಿಗೆ ಬಂತು. ಅಲ್ಲಿ ಇಪ್ಪತ್ತು ಕೂಡ ದಾಟದ ಹೂ ಮಾರುವ ಹುಡುಗಿ ಎಲೈಜಾಳ ಪಾತ್ರ ಮಾಡಿದ ಮಿಸೆಸ್ ಪ್ಯಾಟ್ರಿಕ್ ಕ್ಯಾಂಪ್‌ಬೆಲ್‌ಗೆ ಆಗ 49. (ನಮ್ಮ ಕಂಪನಿ ನಾಟಕ ಕಂಡವರಿಗೆ ಇದೇನೂ ವಿಶೇಷ ಅನ್ನಿಸಲಿಕ್ಕಿಲ್ಲ.) ಪ್ರೊಫೆಸರ್ ಹಿಗ್ಗಿನ್ಸ್ ಆಗಿದ್ದ ಬೀರ್‌ಬೋಮ್ ಟ್ರೀ ಕೊನೆಯಲ್ಲಿ ಅವಳತ್ತ ಹೂಗುಚ್ಛ ಎಸೆದು ಪ್ರೇಮದ ವಾಸನೆ ಹಚ್ಚಿಬಿಟ್ಟ. ಷಾಗೆ ಮೈಯೆಲ್ಲ ಉರಿ. 1916ರಲ್ಲಿ ನಾಟಕದ ಪುಸ್ತಕ ಬಂದಾಗ ಹಿಂದುಗಡೆ ಉದ್ದಕ್ಕೆ ಒಂದು ಲೇಖನವನ್ನೇ ಬರೆದು ಸೇರಿಸಿದ: ಅವಳು ಹಿಗ್ಗಿನ್ಸನನ್ನು ಮದುವೆಯಾಗಲಿಲ್ಲ, ಫ್ರೆಡ್ಡಿ ಎಂಬ ಕಾಸಿಲ್ಲದ ಹುಡುಗನನ್ನು ಆದಳು, ಹೂವಿನಂಗಡಿ ಇಟ್ಟಳು, ಆಯಿತಾ?

ಅಕ್ಕನ ಪ್ರಶ್ನೆ ಬೇರೆ. “ಅಂಗಡಿ ಇಡಕ್ಕೆ ದುಡ್ಡು ಯಾರು ಕೊಟ್ಟರು?”

ಇಂಗ್ಲಿಷ್ ಎಂ.ಎ. ಓದಿದವರು ಈ ನಾಟಕದ ಬಗ್ಗೆ ನನ್ನನ್ನು ಏನೇನೋ ಕೇಳಿದ್ದಾರೆ. ಇದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಹಿಗ್ಗಿನ್ಸನ ಗೆಳೆಯ ಕರ್ನಲ್ ಪಿಕರಿಂಗ್ ಕೊಟ್ಟ ಎಂದೆ. “ಪಾಠದ ಫೀಸು?” ಅದನ್ನೂ ಅವನೇ. ದೊಡ್ಡ ಮನೆಯವರ ಹಾಗೆ ಮಾತಾಡಲು ಕಲಿಸು, ಫೀಸು ತಾನೇ ಕೊಡುತ್ತೇನೆಂದು ಎಲೈಜಾ ಮೊದಲ ದಿನ ಗರಿಯ ಟೋಪಿ ಏರಿಸಿ, ಟ್ಯಾಕ್ಸಿ ಮಾಡಿಕೊಂಡು ಬಂದಿದ್ದಳು. ಪಾಠಕ್ಕೆ ಒಂದು ಶಿಲ್ಲಿಂಗ್, ಬೇಕಾದರೆ ತಗೋ, ಇಲ್ಲಾಂದ್ರೆ ಬಿಡು ಅನ್ನುವ ಗತ್ತು. ದಿನದ ದುಡಿಮೆ ಎರಡೂವರೆ ಶಿಲ್ಲಿಂಗ್. ಹಿಗ್ಗಿನ್ಸ್ ಲೆಕ್ಕ ಹಾಕುತ್ತಾನೆ: ದಿನದ ಗಳಿಕೆಯಲ್ಲಿ ಐದರಲ್ಲೆರಡು ಪಾಲು! ಯಾವ ಕೋಟ್ಯಧೀಶನೂ ಇಷ್ಟು ಫೀಸು ಕೊಟ್ಟಿಲ್ಲ. ಇಡೀ ನಾಟಕದಲ್ಲಿ ಅವನು ಅವಳಿಗೆ ಸರಿಯಾಗಿ ಬೆಲೆ ಕಟ್ಟಿದ್ದು ಆ ಅರ್ಧ ನಿಮಿಷ. ಆಮೇಲೆ ಪಿಕರಿಂಗ್, ಇವಳನ್ನು ದೊಡ್ಡ ಮನೆಯವಳೆಂದು ನಂಬಿಸು ನೋಡೋಣ ಎಂದು ಪಂದ್ಯ ಕಟ್ಟಿದ, ಖರ್ಚೆಲ್ಲ ತನ್ನದೆಂದ, ಅವಳ ಶಿಲ್ಲಿಂಗ್ ಅವಳ ಹತ್ತಿರವೇ ಉಳಿಯಿತು.

“ಅಲ್ಲೇ ಕೆಟ್ಟಿದ್ದು ನೋಡಿ” ಎಂದರು ಅಕ್ಕ.

ಅಷ್ಟರಲ್ಲಿ ಮೇಷ್ಟ್ರು ಪೇಪರ್ ಮಡಚಿಕೊಂಡು ಬಂದರು. ಮಂಡ್ಯದ ಕಡೆ ವರ್ಷಗಟ್ಟಲೆ ಪಾಠ ಮಾಡಿ ರಿಟೈರ್ ಆದವರು. ಅವರಿಗೆ ನಾಟಕವೆಂದರೆ ಉಚ್ಚಾರಣೆ. “ಆ ಹುಡುಗಿಗೆ ಹಕಾರ ಬರಲ್ಲ, ನಮ್ಮ ಹುಡುಗರ ಹಾಗೇ. ಹಾಲು ಅನ್ನಯ್ಯಾ ಅಂದ್ರೆ ಆಲು ಅಂತಿದ್ದರು. ಎಷ್ಟು ಜನರನ್ನ ತಿದ್ದಿದ್ದೀನಿ!” ನಿಜವೇ. ಲಂಡನ್ನಿನ ಬೀದಿಗೂ ಮದ್ದೂರಿನ ಸಂತೆಗೂ ಈ ಒಂದು ವಿಷಯದಲ್ಲಿ ನೆಂಟಸ್ತನ: ಬಾಯಿಂದ ಒಂದು ‘ಹ’ ಜಾರಿದರೆ ಸಾಕು, ಎದುರಿಗಿರುವವರು ನಮ್ಮ ಅಪ್ಪನ ಕಸುಬಿನ ತನಕ ಹೋಗಿ ಬರುತ್ತಾರೆ. ಇಷ್ಟು ತಿದ್ದಿದ ಮೇಷ್ಟ್ರಿಗೂ, ಹಾಲಿನವನ ಮೇಲೆ ಸಿಟ್ಟು ಬಂದ ದಿನ ಹಕಾರ ಎಲ್ಲೋ ಓಡಿಹೋಗಿರುತ್ತದೆ. ಆ ಹೊತ್ತಿನ ಮೇಷ್ಟ್ರೇ ನನಗೆ ಹೆಚ್ಚು ಇಷ್ಟ.

ಆದರೆ ಷಾ ಉಚ್ಚಾರಣೆಯ ಮೇಲೆ ಪೂರ್ತಿ ಭಾರ ಹಾಕಿಲ್ಲ. ಮೂರನೇ ಅಂಕದಲ್ಲಿ ಹಿಗ್ಗಿನ್ಸನ ತಾಯಿಯ ಮನೆಗೆ ಎಲೈಜಾ ಬರುತ್ತಾಳೆ. ಒಂದೊಂದು ಅಕ್ಷರವೂ ಮುತ್ತು. ಹವಾಮಾನದ ಮಾತಿನ ತನಕ ಸಲೀಸು. ಆಮೇಲೆ ಅದೇ ಮುತ್ತಿನಂಥ ಉಚ್ಚಾರಣೆಯಲ್ಲಿ, ತನ್ನ ಚಿಕ್ಕಮ್ಮ ಸತ್ತದ್ದು ಫ್ಲೂನಿಂದಲ್ಲ, ಮನೆಯವರೇ ಮುಗಿಸಿದರು, ತನಗೆ ಬರಬೇಕಾಗಿದ್ದ ಅವಳ ಹೊಸ ಟೋಪಿಯನ್ನೂ ಹೊಡೆದರು ಎಂದು ವರದಿ ಒಪ್ಪಿಸುತ್ತಾಳೆ. ನಾಲಿಗೆ ಮೇಲೇರಿದೆ, ನೆನಪು ಹಳೆಯ ಗಲ್ಲಿಯಲ್ಲೇ ಇದೆ.

ಆ ತಾಯಿಯೊಬ್ಬಳಿಗೆ ಮಾತ್ರ ನಮ್ಮ ಅಕ್ಕನ ಬುದ್ಧಿ. ಹುಡುಗಿಗೆ ದೊಡ್ಡ ಮನೆಯ ನಡವಳಿಕೆ ಕಲಿಸಿದಿರಿ, ದೊಡ್ಡ ಮನೆಯ ವರಮಾನ ಎಲ್ಲಿಂದ ತರುತ್ತಾಳೆ ಎಂದು ಮಗನನ್ನು ಕೇಳುವವಳು ಅವಳೇ. ಪಂದ್ಯ ಗೆದ್ದ ರಾತ್ರಿ ಎಲೈಜಾ ಹಿಗ್ಗಿನ್ಸನ ಮುಖಕ್ಕೆ ಚಪ್ಪಲಿ ಎಸೆಯುವುದು ಪ್ರೇಮಕ್ಕಲ್ಲ, ಈ ಲೆಕ್ಕಕ್ಕೆ. ಮೊದಲು ಹೂ ಮಾರಿ ಹೊಟ್ಟೆ ಹೊರೆಯುತ್ತಿದ್ದಳು. ಈಗ ಬುಟ್ಟಿ ಹಿಡಿದು ಬೀದಿಗಿಳಿಯುವ ಹಾಗಿಲ್ಲ, ಯಾವನನ್ನಾದರೂ ಕಟ್ಟಿಕೊಳ್ಳುವುದೊಂದೇ ದಾರಿ.

“ಅಪ್ಪನ ಕಥೆ ಹೇಳಿ, ಅವನು ಮಜಾ ಇದಾನೆ” ಎಂದರು ಮೇಷ್ಟ್ರು. ಎಲೈಜಾಳ ಅಪ್ಪ, ಕಸ ಎತ್ತುವ ಡೂಲಿಟ್ಲ್. ಹಿಗ್ಗಿನ್ಸ್ ತಮಾಷೆಗೆ ಬರೆದ ಪತ್ರ ನಂಬಿ ಅಮೆರಿಕದ ಶ್ರೀಮಂತನೊಬ್ಬ ಸಾಯುವಾಗ ಇವನಿಗೆ ವರ್ಷಕ್ಕೆ ಮೂರು ಸಾವಿರ ಪೌಂಡ್ ಬರುವ ಹಾಗೆ ಬರೆದಿಟ್ಟ. ಅಲ್ಲಿಂದ ಡೂಲಿಟ್ಲ್‌ಗೆ ನೆಮ್ಮದಿ ಇಲ್ಲ. ಕಾಣದ ನೆಂಟರು ಐವತ್ತು ಜನ ಹುಟ್ಟಿಕೊಂಡರು. ಇಷ್ಟು ದಿನ ಸುಮ್ಮನೆ ಜೊತೆಗಿದ್ದ ಹೆಂಗಸನ್ನು ಸೂಟು ಹಾಕಿಕೊಂಡು ಮದುವೆ ಬೇರೆ ಆಗಬೇಕು. ನಮ್ಮಲ್ಲಿ ಸೈಟಿಗೆ ರೇಟು ಬಂದ ಮೇಲೆ ಊರಿಗೆ ಹೋಗಲು ಹೆದರುವವರು ಇಲ್ಲವೇ, ಹಾಗೆ.

ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯಲ್ಲೂ ಹೀಗೆ ಬಂದ ದುಡ್ಡೇ ಗಂಡಾಂತರ, ಅಲ್ಲಿ ಅದರ ಮೂಲವೂ ಗೊತ್ತಿಲ್ಲ. ಕಮ್ಮಾರನ ಮನೆಯ ಹುಡುಗ ಪಿಪ್, ಇಸ್ಪೀಟಿನ ಎಲೆಯೊಂದಕ್ಕೆ ತನ್ನ ಮನೆಯಲ್ಲಿ ಕರೆಯುವ ಹೆಸರು ಹೇಳಿದ್ದಕ್ಕೆ ಶ್ರೀಮಂತರ ಹುಡುಗಿಯಿಂದ ಮೂದಲಿಕೆ ತಿಂದು, ಅವತ್ತಿನಿಂದ ತನ್ನ ಒರಟು ಕೈಗೇ ನಾಚುತ್ತಾನೆ. ದೊಡ್ಡ ಮನೆಯ ಅಮ್ಮನೇ ದುಡ್ಡು ಕಳಿಸುತ್ತಿದ್ದಾಳೆ ಎಂದುಕೊಂಡು ಲಂಡನ್ನಿನಲ್ಲಿ ಜಂಟಲ್‌ಮನ್ ಆದ. ಕಳಿಸಿದವನು ಆಸ್ಟ್ರೇಲಿಯಾದಲ್ಲಿ ಕುರಿ ಸಾಕಿದ ಹಳೇ ಕೈದಿ! ಸಾಕಿದ ಭಾವ ಜೋ ಒಮ್ಮೆ ನೋಡಲು ಬರುತ್ತಾನೆ. ಟೋಪಿ ಎಲ್ಲಿಡುವುದು ತಿಳಿಯದೆ ಬೆಂಕಿಗೂಡಿನ ಮೇಲಿನ ಅಂಚಿನಲ್ಲಿ ಇಡುತ್ತಾನೆ, ಅದು ಬೀಳುತ್ತದೆ, ಹಿಡಿಯುತ್ತಾನೆ, ಮತ್ತೆ ಬೀಳುತ್ತದೆ. ಪಿಪ್‌ಗೆ ಅವಮಾನ, ಜೋ ಹುಡುಗನನ್ನು ‘ಸರ್’ ಎನ್ನತೊಡಗುತ್ತಾನೆ. ಕೊನೆಗೆ ಪಿಪ್ ಕಾಯಿಲೆ ಬಿದ್ದಾಗ ಶುಶ್ರೂಷೆ ಮಾಡಿ, ಅವನ ಸಾಲ ತೀರಿಸಿ, ರಸೀದಿ ಇಟ್ಟು, ಬೆಳಗಾಗುವ ಮುಂಚೆ ಹೊರಟುಹೋದವನು ಅದೇ ಜೋ. ಅಕ್ಕ ಕರಿಬೇವು ಕೀಳುವುದನ್ನೂ ಬಿಟ್ಟು ಕೇಳಿದರು.

“ನಮ್ಮಲ್ಲಿ ಇಂಥದ್ದು ಇಲ್ವಾ?” ಇದೆ. ನಮ್ಮ ರಂಗಭೂಮಿಗೆ ಹಿಂದಿನಿಂದ ಇಷ್ಟವಾದದ್ದು ಬಡವರನ್ನು ಏರಿಸುವುದಕ್ಕಿಂತ ಸೊಕ್ಕಿದ ಶ್ರೀಮಂತರನ್ನು ಇಳಿಸುವುದು; ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನೋಡಿದವರಿಗೆ, ಅದರ ಸಿನಿಮಾದಲ್ಲಿ ರಾಜ್‌ಕುಮಾರ್ ಎಮ್ಮೆ ಮೇಲೆ ಕೂತು ಹಾಡಿದ್ದನ್ನು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಏರಿದವರ ಕಥೆಯೆಂದರೆ ನನಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಇರುವೆ ಕಾಟದ ಪುಟ್ಟ ಮನೆಯಿಂದ ಇಡೀ ಸಂಸಾರ ಮೇಲೇಳುವುದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ. ಕಥೆ ಹೇಳುವವನು ಹೆಸರಿಗೆ ಡೈರೆಕ್ಟರು; ಕೆಲಸವಿಲ್ಲ, ಸಂಬಳವಿದೆ, ಕಾಫಿ ಹೌಸಿನಲ್ಲಿ ಕೂರುತ್ತಾನೆ. ಬಂದ ಸೊಸೆ ಅದನ್ನೇ ಕೆಣಕುತ್ತಾಳೆ: ನೀನು ದುಡಿದದ್ದು ಎಷ್ಟು? ಆ ಪ್ರಶ್ನೆ ಕೇಳಿದ ಮೇಲೆ ಅವಳಿಗೆ ಆ ಮನೆಯಲ್ಲಿ ಜಾಗ ಇರುವುದು ಕಷ್ಟ.

“ಯಾರೂ ಸ್ವಂತ ದುಡ್ಡಲ್ಲಿ ಮೇಲೆ ಬರಲೇ ಇಲ್ವಾ ನಿಮ್ಮ ಪುಸ್ತಕದಲ್ಲಿ?”

ವಿಲ್ಲಿ ರಸೆಲ್‌ನ ‘ಎಜುಕೇಟಿಂಗ್ ರೀಟಾ’ ನಾಟಕದ ರೀಟಾ ಹಾಗೆ ಬಂದವಳು. 1980ರ ನಾಟಕ. ಕೂದಲು ಕತ್ತರಿಸುವ ಅಂಗಡಿಯಲ್ಲಿ ದುಡಿಯುತ್ತಲೇ ಓಪನ್ ಯೂನಿವರ್ಸಿಟಿಗೆ ಸೇರಿದಳು. ಗಂಡ ಅವಳ ಪುಸ್ತಕ ಸುಟ್ಟ, ಆಮೇಲೆ ಸಂಸಾರವೂ ಉಳಿಯಲಿಲ್ಲ, ಆದರೂ ಅವಳಿಗೆ ಚಪ್ಪಲಿ ಎಸೆಯುವ ಪ್ರಸಂಗ ಬರಲಿಲ್ಲ. ಮೇಷ್ಟ್ರಿಗೆ ಅವಳಿಗಿಂತ ಅವಳಿಗೆ ಪಾಠ ಹೇಳುವ ಕುಡುಕ ಪ್ರೊಫೆಸರೇ ಇಷ್ಟವಂತೆ.

ಅಕ್ಕನ ಮನಸ್ಸು ಮಾತ್ರ ಹೂವಿನಂಗಡಿಯಲ್ಲೇ ಇತ್ತು. “ವ್ಯಾಪಾರ ಆಯ್ತಾ?” ಷಾ ಅದನ್ನೂ ಬರೆದಿದ್ದಾನೆ. ಅಂಗಡಿ ರೈಲ್ವೆ ಸ್ಟೇಷನ್ನಿನ ಸಾಲುಮಳಿಗೆಯಲ್ಲಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಸಮೀಪ. ಮೊದಮೊದಲು ನಷ್ಟವೋ ನಷ್ಟ. ಗಂಡ ಹೆಂಡತಿ ಇಬ್ಬರಿಗೂ ಲೆಕ್ಕ ಬರೆಯಲು ಬಾರದು, ಸಂಜೆ ಕ್ಲಾಸಿಗೆ ಹೋದರು, ಕರ್ನಲ್ ಮತ್ತೆ ಮತ್ತೆ ಕೈ ಹಿಡಿದ. ಕೊನೆಗೆ ಹೂವಿನ ಜೊತೆ ಆಸ್ಪರಾಗಸ್ ಎಂಬ ತರಕಾರಿ ಇಟ್ಟ ಮೇಲೆ ಅಂಗಡಿ ಎದ್ದು ನಿಂತಿತು.

“ಮತ್ತೆ! ಹೂವು ಸಂಜೆಗೆ ಬಾಡಿತು ಅಂದ್ರೆ ಕಸ. ತರಕಾರಿ ಎರಡು ದಿನ ತಡಕೊಳ್ಳುತ್ತೆ” ಎಂದರು ಅಕ್ಕ. ಆಮೇಲೆ, “ಅದೇನೋ ಅಂದ್ರಲ್ಲ, ಅದು ನಮ್ಮ ಮಾರ್ಕೆಟ್ಟಲ್ಲಿ ಸಿಗತ್ತಾ? ಕೇಜಿ ಎಷ್ಟು?”